ಕಡಾಣಿಕಟ್ಟೆಯ ಮುಗಿಯದ ಕೆಲಸ

ನಾಲ್ಕು ದಾರಿಗಳು ಕೂಡುವ ಜಾಗಗಳು ಲೋಕದಲ್ಲಿ ಬೇಕಾದಷ್ಟಿವೆ. ಆದರೆ ನಾಲ್ಕು ದಾರಿಗಳು ಓಡೋಡಿ ಬಂದು, ಮುಂದೆ ಎತ್ತ ಹೋಗುವುದೆಂದು ತೋಚದೆ ಒಂದು ಗಳಿಗೆ ತಬ್ಬಿಬ್ಬಾಗಿ ನಿಲ್ಲುವ ಜಾಗವೆಂದರೆ ನಮ್ಮ ಕಡಾಣಿಕಟ್ಟೆ ಒಂದೇ. ನಾಲ್ಕೂ ಕಡೆಯ ಗಾಳಿ ಇಲ್ಲಿ ಒಟ್ಟಿಗೆ ನುಗ್ಗುವುದರಿಂದ, ಸುಗ್ಗಿಯಲ್ಲಿ ತೂರಿದ ಜೋಳದ ಹೊಟ್ಟು ಯಾವ ಕಡೆಗೂ ಹೋಗಲಾರದೆ ಆಕಾಶದಲ್ಲೇ ನಿಂತುಬಿಡುತ್ತದೆ. ಯುಗಾದಿಯ ಹೊತ್ತಿಗೆ ಅದು ನಿಧಾನವಾಗಿ ಕೆಳಗಿಳಿಯುವುದನ್ನು ನಾನು ಕಂಡಿದ್ದೇನೆ. ಇಲ್ಲಿಯ ನಾಯಿಗಳು ಮಲಗಿದ್ದನ್ನು ಕಂಡವರಿಲ್ಲ. ಕರಿಗೋಡಿನ ಬಸ್ಸನ್ನು ಅಟ್ಟಿಕೊಂಡು ಹೋಗಿ ಬರುವಷ್ಟರಲ್ಲಿ ತುಂಬಿನಾಳದ ಲಾರಿ ಬಂದಿರುತ್ತದೆ, ಅದನ್ನು ಗಡಿ ದಾಟಿಸಿ ಬಂದರೆ ಸೂಜಿಮಡ್ಡಿಯ ಟ್ರ್ಯಾಕ್ಟರು. ಹೀಗೆ ಅವುಗಳ ಜನ್ಮವೆಲ್ಲ ಓಟದಲ್ಲೇ ಸವೆಯುತ್ತದೆ. ಇನ್ನು ಮನುಷ್ಯರ ಮಾತು ಕೇಳಬೇಕೆ? ಕಡಾಣಿಕಟ್ಟೆಯವರು ನಿಂತೇ ಉಣ್ಣುತ್ತಾರೆ, ನಿಂತೇ ಜಗಳವಾಡುತ್ತಾರೆ. ಹೆಣ್ಣು ನೋಡಲು ಹೋದ ನಮ್ಮ ಹುಡುಗರು ಹಾಸಿದ ಚಾಪೆಯ ಮೇಲೆ ಕೂರದೆ ಅಂಗಳದಲ್ಲಿ ಅತ್ತಿಂದಿತ್ತ ತಿರುಗಿ, ‘ಈ ಸಂಬಂಧ ಬೇಡ, ವರನಿಗೆ ಕಾಲಲ್ಲಿ ಹುಳ ಇದೆ’ ಎನ್ನಿಸಿಕೊಂಡು ಬಂದದ್ದುಂಟು. ಕೂಡುರಸ್ತೆಯಲ್ಲಿ ನೀಲಗಂಗಮ್ಮನ ಚಹಾದಂಗಡಿಯಿದೆ. ಅದರ ಮುಂದಿನ ಬೆಂಚು ಸವೆದಿರುವುದು ಜನ ಕೂತು ಅಲ್ಲ, ಎದ್ದು ಎದ್ದು.

ಈ ಗಡಿಬಿಡಿಯ ನಟ್ಟನಡುವೆ, ಬನ್ನಿಮರದ ಕೆಳಗೆ, ಕರಿಕಲ್ಲಿನ ಒಂದು ಕಟ್ಟೆ. ಕಟ್ಟೆಯ ಮೇಲೆ ಎಮ್ಮೆಗರುವಿನಷ್ಟು ಎತ್ತರದ ನಾಲ್ಕು ಗಾಲಿಯ ಒಂದು ಮರದ ಬಂಡಿ. ನಾಲ್ಕು ಗಾಲಿ ಎಂದೆನೆ? ತಾಳಿ. ಮೂರು ಗಾಲಿ ಮಾತ್ರ ಬಂಡಿಯಲ್ಲಿವೆ, ನಾಲ್ಕನೆಯದು ಮರಕ್ಕೆ ಒರಗಿ ನಿಂತಿದೆ. ಓರೆಯಾದ ಆ ಬಂಡಿಯಲ್ಲಿ ಕುಂಕುಮ ಬಳಿದುಕೊಂಡು, ಕಣ್ಣರಳಿಸಿಕೊಂಡು, ಈಗ ಎದ್ದೇನೋ ಇನ್ನೊಂದು ಗಳಿಗೆಗೆ ಎದ್ದೇನೋ ಎಂಬಂತೆ ಅಮ್ಮ, ಅಂದರೆ ಮಾರಿ, ಕುಳಿತಿದ್ದಾಳೆ. ಪಕ್ಕದಲ್ಲಿ ಕಮ್ಮಾರರು ಕಬ್ಬಿಣ ಬಡಿಯುವ ಅಡಿಗಲ್ಲೊಂದು ನೆಲದಲ್ಲಿ ಅರ್ಧ ಹೂತಿದೆ. ಅದರ ಮಗ್ಗುಲಲ್ಲಿ, ಕಟ್ಟೆಯ ಕಲ್ಲಿನ ಬಿರುಕಿನಲ್ಲಿ, ಗೇಣುದ್ದದ ಒಂದು ಕಬ್ಬಿಣದ ಕೀಲು ನೆಟ್ಟಗೆ ನಿಂತಿದೆ. ಅದೇ ಕಡಾಣಿ. ಬಂಡಿಯ ಗಾಲಿ ಕಳಚಿ ಬೀಳದ ಹಾಗೆ ಅಚ್ಚಿನ ತುದಿಗೆ ಚುಚ್ಚುವ ಕೀಲಿಗೆ ಕಡಾಣಿ ಎನ್ನುತ್ತಾರೆ ಎಂದು ಈ ಕಾಲದವರಿಗೆ ಹೇಳಬೇಕಾಗಿ ಬಂದಿರುವುದೇ ಒಂದು ಸಂಕಟ. ಲೋಕದ ಕಡಾಣಿಗಳೆಲ್ಲ ಗಾಲಿ ಉರುಳಲೆಂದು ಹುಟ್ಟಿದವು. ಗಾಲಿ ಉರುಳಬಾರದೆಂದು ಇರುವ ಕಡಾಣಿ ಇದೊಂದೇ, ಮತ್ತು ಊರಿಗೆ ಹೆಸರು ಕೊಟ್ಟದ್ದೂ ಇದೇ. ಹೇಗೆಂಬುದನ್ನು ನನಗೆ ಹೇಳಿದವರು ನನ್ನಜ್ಜ, ಅವರಿಗೆ ಅವರಜ್ಜ. ನಮ್ಮ ವಂಶದಲ್ಲಿ ಸುಳ್ಳು ಹೇಳಿದವರು ಒಬ್ಬರೂ ಇಲ್ಲ. ನಿಜವನ್ನು ಕೊಂಚ ಎತ್ತರದ ಮೇಲೆ ನಿಂತು ಹೇಳಿದವರಿದ್ದಾರೆ, ಅಷ್ಟೆ.

ಹಿಂದೆ ಒಮ್ಮೆ, ಅಂದರೆ ಬೆಟ್ಟಗಳಿಗೆ ಇನ್ನೂ ಮೀಸೆ ಮೂಡುತ್ತಿದ್ದ ಕಾಲದಲ್ಲಿ, ಇಲ್ಲಿ ಊರಿರಲಿಲ್ಲ. ಬನ್ನಿಮರವಿತ್ತು, ನಾಲ್ಕು ಬಂಡಿದಾರಿಗಳಿದ್ದವು, ಸುತ್ತ ಕಣ್ಣು ಹರಿಯುವವರೆಗೆ ಎರೆನೆಲವಿತ್ತು. ಮೂಡಲಿಗೆ ಕರಿಗೋಡು, ಪಡುವಲಿಗೆ ತುಂಬಿನಾಳ, ಬಡಗಲಿಗೆ ಸೂಜಿಮಡ್ಡಿ, ತೆಂಕಲಿಗೆ ಬೆಣಚಿಹಾಳ. ಈ ನಾಲ್ಕೂರಿನ ಗಡಿಗಳು ಬಂದು ಮುಟ್ಟುತ್ತಿದ್ದುದು ಇದೇ ಬನ್ನಿಮರದ ಬುಡಕ್ಕೆ. ಹತ್ತಿಯ ಬಂಡಿ, ಉಪ್ಪಿನ ಬಂಡಿ, ಮದುವೆಯ ದಿಬ್ಬಣ ಎಲ್ಲವೂ ಇಲ್ಲಿ ಹಾದೇ ಹೋಗಬೇಕಾದ್ದರಿಂದ ‘ಕೂಡುದಾರಿ ನಮ್ಮದು’ ಎಂದು ನಾಲ್ಕೂ ಊರು ಕಾದಾಡುತ್ತಿದ್ದವು. ಪ್ರತಿಯೊಂದು ಊರಿಗೂ ಒಂದೊಂದು ಗಡಿಕಲ್ಲಿತ್ತು, ಆ ಕಲ್ಲುಗಳಿಗೆ ಕಾಲೂ ಇದ್ದವು. ಬೆಳಗಿಗೆ ಮರದ ಆಚೆಯಿದ್ದ ತುಂಬಿನಾಳದ ಕಲ್ಲು ಸಂಜೆಗೆ ಈಚೆ ಬಂದು ಕೂತಿರುತ್ತಿತ್ತು. ಅದನ್ನು ಕಂಡು ಕರಿಗೋಡಿನ ಕಲ್ಲು ಎರಡು ಹೆಜ್ಜೆ ಮುಂದೆ ಬರುತ್ತಿತ್ತು. ಒಂದು ವರ್ಷವಂತೂ ನಾಲ್ಕು ಕಲ್ಲುಗಳೂ ಒಂದನ್ನೊಂದು ದಾಟಿ ಹೋಗಿ, ಕರಿಗೋಡಿನವರು ತಮ್ಮ ಹೊಲಕ್ಕೆ ತಾವೇ ಅಪ್ಪಣೆ ಕೇಳಿ ಹೋಗಬೇಕಾಯಿತಂತೆ. ಜಗಳ ಇಷ್ಟಿದ್ದರೂ ಅಲ್ಲಿ ಒಂದು ಗುಡಿಸಲು ಹಾಕಿದವರಿಲ್ಲ. ಯಾರಾದರೂ ಗೂಟ ಹೊಡೆದರೆ ಉಳಿದ ಮೂರೂ ಊರಿನವರು ಕಿತ್ತೆಸೆಯುತ್ತಿದ್ದರು. ಎಲ್ಲರಿಗೂ ಬೇಕಾದ ನೆಲದಲ್ಲಿ ಗರಿಕೆಯೂ ಬೆಳೆಯುವುದಿಲ್ಲ ಎನ್ನುತ್ತಾರೆ.

ಇಂಥ ಕೂಡುದಾರಿಗೆ ಒಂದು ಬೇಸಿಗೆಯಲ್ಲಿ ಹುಲಿಗೆವ್ವ ಎಂಬಾಕೆ ಬಂದಳು. ಆಕೆ ಬೈಲುಕಮ್ಮಾರರವಳು. ಬೈಲುಕಮ್ಮಾರರೆಂದರೆ ಮನೆಯನ್ನೇ ಬಂಡಿಯಲ್ಲಿಟ್ಟುಕೊಂಡು, ಊರಿಂದೂರಿಗೆ ಹೋಗಿ ಕುಡುಗೋಲು ತಟ್ಟಿಕೊಟ್ಟು, ಕೆಲಸ ಮುಗಿದೊಡನೆ ಮುಂದಿನೂರಿಗೆ ಹೊರಡುವ ಜನ. ಗಂಡ ತೀರಿಕೊಂಡ ಮೇಲೆ ಹುಲಿಗೆವ್ವನೇ ಸುತ್ತಿಗೆ ಹಿಡಿದಿದ್ದಳು. ಆಕೆ ಸುತ್ತಿಗೆ ಎತ್ತಿದರೆ ಮೂರು ಹರದಾರಿ ದೂರದ ಕುದುರೆಗಳ ಲಾಳ ತಾವಾಗಿಯೇ ಬಿಗಿಯಾಗುತ್ತಿದ್ದವಂತೆ. ಇದನ್ನು ನಂಬದವರು ಕುದುರೆಗಳನ್ನೇ ಕೇಳಬಹುದು. ಅವರ ಕಸುಬಿನಲ್ಲಿ ಎರಡು ಕಟ್ಟಳೆಗಳಿದ್ದವು. ನೆಲದೊಡೆಯನನ್ನು ಕೇಳದೆ ಅಡಿಗಲ್ಲು ಊರಬಾರದು. ಊರಿದ ಮೇಲೆ, ಹಿಡಿದ ಕೆಲಸ ಮುಗಿಯುವ ತನಕ ಅದನ್ನು ಯಾರೂ ಕೀಳಬಾರದು. ಊರಿದವಳೂ ಕೀಳಬಾರದು, ನೆಲದೊಡೆಯನೂ ಕೀಳಬಾರದು, ಅರಸ ಬಂದರೂ ಕಾಯಬೇಕು. ಅರೆಗೆಲಸದ ಅಡಿಗಲ್ಲು ಕಿತ್ತವನ ನೇಗಿಲು ಹೊಲದಲ್ಲಿ ಮುರಿಯುತ್ತದೆ ಎಂದು ಒಕ್ಕಲಿನವರೆಲ್ಲ ನಂಬಿದ್ದರು.

ಹುಲಿಗೆವ್ವನ ಜೊತೆಯಲ್ಲಿದ್ದವಳು ಮಗಳು ಗಾಳೆವ್ವ ಒಬ್ಬಳೇ. ಅಳಿಯ ಕಬ್ಬಿಣದ ಕಲ್ಲು ತರಲೆಂದು ಸೊಂಡೂರಿನ ಕಡೆಗೆ ಹೋದವನು ಇನ್ನೂ ಬಂದಿರಲಿಲ್ಲ. ಗಾಳೆವ್ವನಿಗೆ ದಿನ ತುಂಬಿತ್ತು. ಅದು ಎರಡನೆಯ ಬಸಿರು. ಮೊದಲನೆಯ ಸಲ, ಹೆರಿಗೆಯ ನೋವು ಬಂದ ಹೊತ್ತಿಗೇ ಯಾವುದೋ ಊರಿನವರು ‘ಏಳಿ, ಹೊರಡಿ’ ಎಂದು ಎಬ್ಬಿಸಿ ಕಳಿಸಿದ್ದರು. ಆಕೆ ಓಡುವ ಬಂಡಿಯಲ್ಲೇ ಹೆತ್ತಳು, ಕೂಸು ಮುಂದಿನ ಊರು ಬರುವವರೆಗೂ ಉಳಿಯಲಿಲ್ಲ. ದಾರಿಯ ಪಕ್ಕದಲ್ಲಿ ಮಣ್ಣು ಮಾಡಿ ಮುಂದೆ ಹೊರಟರು. ಆಮೇಲೆ ಎರಡು ಸಲ ಆ ಜಾಗವನ್ನು ಹುಡುಕಿಕೊಂಡು ಹೋದರೂ ಅದು ಯಾವ ದಾರಿ ಎಂಬುದೇ ಅವರಿಗೆ ತಿಳಿಯಲಿಲ್ಲ. ದಾರಿಗಳೆಲ್ಲ ಒಂದೇ ತರಹ ಇರುತ್ತವೆ. ಈಗ ಬನ್ನಿಮರ ಕಂಡೊಡನೆ ಗಾಳೆವ್ವ ಬಂಡಿಯಿಂದ ಇಳಿದು, ಮರದ ಬೇರಿನ ಮೇಲೆ ಕುಳಿತು ಒಂದೇ ಮಾತು ಹೇಳಿದಳಂತೆ: “ಯವ್ವಾ, ಈ ಸಲ ಗಾಲಿ ಮ್ಯಾಲ ಒಲ್ಲೆ.”

ಹುಲಿಗೆವ್ವ ಕಟ್ಟಳೆಯಂತೆ ನೆಲದೊಡೆಯರನ್ನು ಕೇಳಲು ಹೊರಟಳು. ಮೊದಲು ಹೋದದ್ದು ತುಂಬಿನಾಳಕ್ಕೆ, ಅಲ್ಲಿಯ ಗೌಡ ದ್ಯಾವನಗೌಡನ ಬಳಿಗೆ. ಆತನ ಮೀಸೆಯ ಒಂದು ತುದಿ ಪಡಸಾಲೆಯಲ್ಲಿದ್ದರೆ ಇನ್ನೊಂದು ತುದಿ ದನದ ಹಕ್ಕೆಯಲ್ಲಿ ಕರುಗಳಿಗೆ ಕಣ್ಣಿಯಾಗುತ್ತಿತ್ತು. “ಬನ್ನಿಗಿಡದ ಬುಡ ಯಾರದ್ರೀ ಗೌಡ್ರ?” ಎಂದು ಕೇಳಿದ್ದಕ್ಕೆ ಆತ ತೊಡೆ ತಟ್ಟಿ, “ನಮ್ಮದಽ. ನಮ್ಮಪ್ಪಂದು, ನಮ್ಮಪ್ಪನಪ್ಪಂದು. ಅಲ್ಲೇನು ಬೀಡು ಬಿಟ್ಟೀಯೇನು? ಏಳು ಏಳು, ಗಂಟುಮೂಟಿ ಕಟ್ಟು” ಎಂದ. “ಮಗಳಿಗೆ ಇಂದೋ ನಾಳೆಯೋ ಅನ್ನೂ ಹಂಗಽ ಐತ್ರಿ.” “ಕರಿಗೋಡಿನ ಕಡೆ ಹೋಗಿ ಹೆರಲಿ. ಒಬ್ಬರು ಕುಂತ್ರ ನಾಳೆ ಊರಽ ಕುಂದರತೈತಿ.” ಕರಿಗೋಡಿನವರು ಸೂಜಿಮಡ್ಡಿಯನ್ನು ತೋರಿಸಿದರು, ಸೂಜಿಮಡ್ಡಿಯವರು ಬೆಣಚಿಹಾಳವನ್ನು, ಬೆಣಚಿಹಾಳದವರು ಮತ್ತೆ ತುಂಬಿನಾಳವನ್ನು. ನೆಲ ಮಾತ್ರ ನಾಲ್ವರದೂ ಹೌದು. ಹುಲಿಗೆವ್ವ ತಿರುಗಿ ತಿರುಗಿ ಮರದ ಬಳಿಗೆ ಬರುವಷ್ಟರಲ್ಲಿ ಆಕೆಯ ಕೆರದ ಅಟ್ಟೆ ಸವೆದು, ನೆಲದ ಬಿಸಿ ನೇರವಾಗಿ ತಲೆಗೇರಿತ್ತು.

ಅದೇ ಬೇಸಿಗೆಯಲ್ಲಿ ಸಿಡುಬು ಎದ್ದಿತ್ತು. ಆ ಕಾಲದ ಜನ ಬೇನೆಯನ್ನು ಊರಿನಿಂದ ಹೊರಗೆ ಹಾಕುತ್ತಿದ್ದ ಬಗೆ ಹೀಗೆ: ಗಾಲಿಯ ಸಣ್ಣ ಬಂಡಿ ಮಾಡಿ, ಅದರಲ್ಲಿ ಬೇನೆಯ ದೇವತೆಯಾದ ಹೊರಮಾರಿಯನ್ನು ಕೂರಿಸಿ, ಅನ್ನ ಬೇವು ಇಟ್ಟು, ಉದ್ದದ ಬಿದಿರು ಗಳುಗಳಿಂದ ನೂಕುತ್ತ ಊರಿನ ಗಡಿಯಾಚೆ ಬಿಟ್ಟು ಬರುವುದು. ಮುಂದಿನ ಊರಿನವರು ಅದನ್ನು ತಮ್ಮ ಗಡಿಯಾಚೆ ನೂಕುವುದು. ಅಮ್ಮನನ್ನು ಕೈಯಿಂದ ಮುಟ್ಟುವಂತಿಲ್ಲ, ಹೊರುವಂತಿಲ್ಲ. ಆಕೆ ತನ್ನ ಗಾಲಿಯ ಮೇಲೇ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಹೊತ್ತು ಮುಳುಗುವಾಗ ಆಕೆ ಯಾರ ನೆಲದಲ್ಲಿ ನಿಂತಿರುತ್ತಾಳೋ ಅವರೇ ಆಕೆಯನ್ನು ಊರೊಳಗೆ ಕರೆದೊಯ್ದು, ಮನೆಯವಳಂತೆ ಕೊನೆತನಕ ಇಟ್ಟುಕೊಳ್ಳಬೇಕು. ಯಾವ ಊರಿಗೆ ಬೇಕು ಈ ಭಾಗ್ಯ? ಹಾಗಾಗಿ ಬಂಡಿ ಆ ವರ್ಷ ನೆಲ ಕಾಣದೆ ಓಡಿತು. ತುಂಬಿನಾಳದವರು ಸೂಜಿಮಡ್ಡಿಗೆ, ಸೂಜಿಮಡ್ಡಿಯವರು ಕರಿಗೋಡಿಗೆ, ಕರಿಗೋಡಿನವರು ಬೆಣಚಿಹಾಳಕ್ಕೆ, ಬೆಣಚಿಹಾಳದವರು ಹೊರಳಿ ತುಂಬಿನಾಳಕ್ಕೆ. ಸುತ್ತಿ ಸುತ್ತಿ ಅಮ್ಮನ ಕಣ್ಣುಗುಡ್ಡೆಗಳು ಹೊರಬಂದವಂತೆ. ಇಂದಿಗೂ ಆಕೆಯ ಕಣ್ಣು ಅಷ್ಟು ದೊಡ್ಡದಾಗಿರುವುದಕ್ಕೆ ಕಾರಣ ಸಿಟ್ಟಲ್ಲ, ತಲೆಸುತ್ತು. ನಾಲ್ಕೂರಿನ ಗಂಡಸರು ಬಿತ್ತನೆ ಮರೆತು ಗಳು ಹಿಡಿದು ನಿಂತರು. ಕೂತರೆ ಬಂಡಿ ಬಂದುಬಿಡುತ್ತದೆ ಎಂದು ಯಾರೂ ಕೂರುತ್ತಿರಲಿಲ್ಲ.

ಹುಲಿಗೆವ್ವ ನಾಲ್ಕೂರು ಸುತ್ತಿ ಬಂದ ಮರುದಿನವೇ ತುಂಬಿನಾಳದವರು ಬಂಡಿಯನ್ನು ಸೂಜಿಮಡ್ಡಿಯ ದಾರಿಗೆ ತಿರುಗಿಸಲೆಂದು ಕೂಡುದಾರಿಗೆ ನೂಕಿಕೊಂಡು ಬಂದರು. ದ್ಯಾವನಗೌಡನೇ ಮುಂದೆ ನಿಂತು “ಜೋರು, ಜೋರು!” ಎನ್ನುತ್ತಿದ್ದ. ಆ ಜೋರಿಗೆ ಬನ್ನಿಮರದ ಬುಡದಲ್ಲಿ, ನಾಲ್ಕು ಗಡಿಕಲ್ಲುಗಳ ನಟ್ಟನಡುವೆ, ಬಂಡಿಯ ಒಂದು ಕಡಾಣಿ ಮುರಿದು ಹಾರಿತು. ಗಾಲಿ ಕಳಚಿ ಉರುಳಿ ಹೋಗಿ ಮರಕ್ಕೆ ಒರಗಿತು. ಬಂಡಿ ಓರೆಯಾಗಿ ಕೂತಿತು. ಸದ್ದು ಕೇಳಿ ಉಳಿದ ಮೂರೂ ಊರಿನವರು ತಮ್ಮ ತಮ್ಮ ದಾರಿಗೆ ಅಡ್ಡಲಾಗಿ ಗಳು ಹಿಡಿದು ಬಂದು ನಿಂತರು. ಹೊತ್ತು ಆಗಲೇ ಮರದ ನೆತ್ತಿಯಿಂದ ಪಡುವಲಿಗೆ ವಾಲಿತ್ತು. ಸುತ್ತ ನೋಡಿದರೆ ಕಬ್ಬಿಣ ಬಲ್ಲವಳು ಒಬ್ಬಳೇ: ನಿನ್ನೆ ತಾನೇ ನಾಲ್ಕೂರಿನವರೂ ಎಬ್ಬಿಸಿ ಕಳಿಸಿದ್ದ, ಎದ್ದು ಹೋಗಲಾರದೆ ಮರದಾಚೆಯ ಬದುವಿಗೆ ತನ್ನ ಬಂಡಿ ಒರಗಿಸಿಕೊಂಡಿದ್ದ ಹುಲಿಗೆವ್ವ.

ದ್ಯಾವನಗೌಡ ಮೀಸೆಯನ್ನು ಮಡಿಸಿ ರುಮಾಲಿನೊಳಗೆ ಸೇರಿಸಿಕೊಂಡು ಬಂದ. “ತಂಗೀ, ಒಂದು ಕಡಾಣಿ ತಟ್ಟಿಕೊಡಬೇ. ಹೊತ್ತು ಮುಣಗೂದರಾಗ ಅಮ್ಮನ್ನ ಸಾಗಿಸಬೇಕು.”

“ತಂಗಿ ಆದ್ನೇನ್ರೀ ಗೌಡ್ರ ನಾನು? ನಿನ್ನೆ ‘ಗಂಟುಮೂಟಿ’ ಆಗಿದ್ನಲ್ಲ.”

“ಆತು ಬಿಡವಾ. ಕಡಾಣಿ ಹಾಕಿಕೊಡು, ಆಮ್ಯಾಲೆ ನೀನೂ ಹೊರಡುವಂತಿ. ಬೇಕಾದ್ರ ನಿನ್ನ ಬಂಡಿನೂ ನಾವಽ ನೂಕಿ ಕೊಡ್ತೀವಿ.”

ಹುಲಿಗೆವ್ವ ಅಡಿಗಲ್ಲು ಎತ್ತಿಕೊಂಡು ಬಂದು ಮಾರಿಬಂಡಿಯ ಪಕ್ಕದಲ್ಲಿ ನಿಂತಳು. ಊರಲಿಲ್ಲ. ಸೊಂಟದ ಮೇಲಿಟ್ಟುಕೊಂಡೇ, ಹುಟ್ಟಿದಾಗಿನಿಂದ ಪ್ರತಿಯೊಂದೂರಿನಲ್ಲೂ ಕೇಳುತ್ತ ಬಂದಿದ್ದ ಮಾತನ್ನೇ ಕೇಳಿದಳು: “ಈ ನೆಲದ ಒಡೆಯರು ಯಾರ್ರೀ?”

ಕೇಳಿದೊಡನೆ ನಾಲ್ಕೂರಿನ ಗಳುಗಳೂ ಒಂದೊಂದು ಹೆಜ್ಜೆ ಹಿಂದೆ ಸರಿದವು. ಬೀಸುತ್ತಿದ್ದ ಗಾಳಿಯೂ ‘ನನಗೇಕೆ’ ಎಂದು ನಿಂತಿತು. ‘ನಮ್ಮದು’ ಎಂದವರ ಕೊರಳಿಗೆ ಅಮ್ಮ ಬೀಳುತ್ತಾಳೆ. ಹೊತ್ತು ಮುಳುಗುವುದರೊಳಗೆ ಗಾಲಿ ಕೂಡದಿದ್ದರೆ ಗತಿಯೇನು? ದ್ಯಾವನಗೌಡ ಆಕಾಶ ನೋಡಿದ, ಕಾಲುಬೆರಳು ನೋಡಿಕೊಂಡ. “ಹಂಗ ನೋಡಿದ್ರ… ಇದು ಕರಿಗೋಡಿಗೆ ಸೇರತೈತಿ” ಎಂದ. ಕರಿಗೋಡಿನ ಹಿರಿಯನಿಗೆ ಬೆಂಕಿ ತುಳಿದಂತಾಯಿತು. “ಯಾವನ್ಲೇ ಹೇಳಿದವ? ಮುತ್ತಜ್ಜನ ಕಾಲದಿಂದ ಇದು ಸೂಜಿಮಡ್ಡಿ ಸೀಮಿ!” “ಶಿವಶಿವಾ, ನಮ್ಮ ಸೀಮಿ ಆ ಹುಣಸಿಮರಕ್ಕಽ ಮುಗೀತು” ಎಂದು ಸೂಜಿಮಡ್ಡಿಯವರು ಕಣ್ಣಿಗೆ ಕಾಣದ ಒಂದು ಹುಣಸೆಮರವನ್ನು ತೋರಿಸಿದರು. ಬೆಣಚಿಹಾಳದವರು ನೆಟ್ಟಗೆ ಬಂದು, ತಮ್ಮ ಗಡಿಕಲ್ಲನ್ನು ಬುಡಸಮೇತ ಕಿತ್ತು, ಹೆಗಲಿಗೇರಿಸಿಕೊಂಡು ಓಡಿದರು. ಅದನ್ನು ಕಂಡು ಉಳಿದ ಮೂರೂರಿನವರೂ ತಂತಮ್ಮ ಕಲ್ಲುಗಳ ಮೇಲೆ ಬಿದ್ದರು. ತಲೆಮಾರುಗಳಿಂದ ಮುಂದೆ ಮುಂದೆ ನಡೆದಿದ್ದ ಕಲ್ಲುಗಳು ಅಂದು ಹಿಂದೆ ಹಿಂದೆ ಓಡಿದವು. ತುಂಬಿನಾಳದವರಂತೂ ತಮ್ಮ ಕಲ್ಲನ್ನು ಒಯ್ದು ಊರಬಾವಿಗೇ ಹಾಕಿದರಂತೆ. ಆ ಬಾವಿಯ ನೀರು ಇಂದಿಗೂ ಕೊಂಚ ಎಡಕ್ಕೆ ಸರಿದು ನಿಲ್ಲುತ್ತದೆ.

“ಬಾಯಿಮಾತು ಸಾಲದು. ನಾಳೆ ಬಂದು ನೀವು ನನ್ನ ಅಡಿಗಲ್ಲು ಒದ್ದರೆ ಕಸುಬಿನ ದೇವರು ಯಾರನ್ನ ಹಿಡೀಬೇಕು?” ಎಂದಳು ಹುಲಿಗೆವ್ವ. ನಾಲ್ಕೂರಿನ ಹಿರಿಯರು ಒಬ್ಬರ ಹಿಂದೊಬ್ಬರು ಬಂದು, ಮಣ್ಣು ಮುಟ್ಟಿ, ಅಮ್ಮನ ಎದುರಿಗೆ ಆಣೆಯಿಟ್ಟರು: ಈ ನೆಲ ನಮ್ಮದಲ್ಲ, ನಮ್ಮ ಹಿರಿಯರದಲ್ಲ, ನಮ್ಮ ಮಕ್ಕಳದೂ ಅಲ್ಲ. ‘ಮಕ್ಕಳದೂ’ ಎಂಬ ಮಾತನ್ನು ಹುಲಿಗೆವ್ವ ಬೇಡಿರಲಿಲ್ಲ. ಭಯದ ಭರದಲ್ಲಿ ದ್ಯಾವನಗೌಡನೇ ಮೊದಲು ಅದನ್ನು ಸೇರಿಸಿದ, ಉಳಿದವರು ತಾವು ಹಿಂದೆ ಬೀಳಬಾರದೆಂದು ಸೇರಿಸಿದರು. ಆಮೇಲೆ ಹುಲಿಗೆವ್ವ ಅಡಿಗಲ್ಲನ್ನು ಎತ್ತಿ, ಕೇಳಲು ಒಡೆಯನೇ ಇಲ್ಲದ ನೆಲದಲ್ಲಿ ಊರಿದಳು. ಹುಟ್ಟಿದಾಗಿನಿಂದ ಯಾರ ಅಪ್ಪಣೆಯೂ ಇಲ್ಲದೆ ಆಕೆ ಊರಿದ ಮೊದಲ ಕಲ್ಲು ಅದು.

ಗಾಳೆವ್ವ ತಿದಿಯ ಮುಂದೆ ಕುಳಿತು ಗಾಳಿ ಊದಿದಳು. ಇದ್ದಲು ಕೆಂಪಾಯಿತು, ಕಬ್ಬಿಣ ಕೆಂಪಾಯಿತು, ಪಡುವಲ ದಿಕ್ಕೂ ಕೆಂಪಾಗತೊಡಗಿತು. ಹುಲಿಗೆವ್ವನ ಸುತ್ತಿಗೆಯ ಒಂದೊಂದು ಏಟಿಗೂ ಗಳು ಹಿಡಿದವರ ಹಲ್ಲು ಕದಲುತ್ತಿತ್ತು. ಕಡಾಣಿ ತಯಾರಾಯಿತು. ಇಕ್ಕುಳದಲ್ಲಿ ಹಿಡಿದು ನೀರಿಗೆ ಅದ್ದಿ ಮೇಲೆತ್ತಿದರೆ ಕೊರೆದಿಟ್ಟ ಹಾಗಿತ್ತು. ಇನ್ನು ಗಾಲಿ ಏರಿಸಿ ಚುಚ್ಚುವುದಷ್ಟೇ ಬಾಕಿ. ಆ ಗಳಿಗೆಗೆ ತಿದಿಯ ಸದ್ದು ನಿಂತಿತು. ತಿರುಗಿ ನೋಡಿದರೆ ಗಾಳೆವ್ವ ಎರಡೂ ಕೈಯಿಂದ ಬನ್ನಿಯ ಬೇರನ್ನು ಹಿಡಿದುಕೊಂಡಿದ್ದಾಳೆ, ತುಟಿ ಕಚ್ಚಿದ್ದಾಳೆ, ಬೆವರು ಇಳಿಯುತ್ತಿದೆ. ಒಂದು ಕಡೆ ತುಂಬಿನಾಳದ ಆಳುಗಳು ಹುಲಿಗೆವ್ವನ ಬಂಡಿಗೆ ಆಗಲೇ ಎತ್ತು ಕಟ್ಟುತ್ತಿದ್ದಾರೆ, ಮಾತು ಕೊಟ್ಟಂತೆ ನೂಕಿ ಕಳಿಸಬೇಕಲ್ಲ! ಇನ್ನೊಂದು ಕಡೆ ಗಾಲಿ ಕಳಚಿಕೊಂಡ ಮಾರಿ ಓರೆಯಾಗಿ ಕೂತು ನೋಡುತ್ತಿದ್ದಾಳೆ. ಹುಲಿಗೆವ್ವ ಕಡಾಣಿಯನ್ನು ನೋಡಿದಳು, ಮಗಳನ್ನು ನೋಡಿದಳು. ಆಮೇಲೆ ಅಮ್ಮನ ಎದುರಿಗೆ ಹೋಗಿ ಮೆಲ್ಲಗೆ ಹೇಳಿದಳು: “ನಿನ್ನೂ ಎಬ್ಬಸ್ತಾರ, ನನ್ನೂ ಎಬ್ಬಸ್ತಾರ. ಇವತ್ತೊಂದಿನ ಇಬ್ಬರೂ ಕುಂದ್ರೂಣು.” ಹಾಗೆಂದು ಕಡಾಣಿಯನ್ನು ತಿರುಗಿ ಬೆಂಕಿಗೆ ಎಸೆದಳು.

“ಏನು ಮಾಡಿದಿಯೇ?” ಎಂದು ದ್ಯಾವನಗೌಡ ಕೂಗಿದ; ರುಮಾಲಿನಿಂದ ಮೀಸೆ ಬಿಚ್ಚಿಕೊಂಡು ನೆಲಕ್ಕೆ ಬಿತ್ತು.

“ಹದ ಬಂದಿಲ್ರೀ ಗೌಡ್ರ.”

“ಹೊತ್ತು ಮುಣಗತೈತಿ!”

“ಹೊತ್ತಿಗೆ ಅವಸರ ಇದ್ದೀತು. ಕಬ್ಬಿಣಕ್ಕಿಲ್ಲ. ಅವಸರ ಇದ್ದವರು ಅಡಿಗಲ್ಲು ಕಿತ್ತು ಒಯ್ಯಬಹುದು.”

ಅರೆಗೆಲಸದ ಅಡಿಗಲ್ಲು ಕೀಳುವವರಾರು? ನೇಗಿಲು ಎಲ್ಲರ ಮನೆಯಲ್ಲೂ ಇತ್ತು. ದ್ಯಾವನಗೌಡ ಕೈ ಮುಗಿದ, ಕಣ್ಣು ಕೆಂಪು ಮಾಡಿದ, ಮತ್ತೆ ಕೈ ಮುಗಿದ. ಪಡುವಲಲ್ಲಿ ಹೊತ್ತು ಉಗುರಿನಷ್ಟು ಉಳಿದಾಗ, ಒಡೆಯನಿಲ್ಲದ ನೆಲದ ಅಮ್ಮ ಎದುರಿಗೆ ಸಿಕ್ಕವರ ಬೆನ್ನು ಹತ್ತಿಯಾಳೆಂದು, ಮೊದಲು ಓಡಿದವನೂ ಆತನೇ. ಆತನ ಹಿಂದೆ ಊರಿಗೆ ಊರೇ ಓಡಿತು. ನಾಲ್ಕು ದಾರಿಯಲ್ಲೂ ಎದ್ದ ಧೂಳು ನೆಲಕ್ಕಿಳಿಯಲು ಮಳೆಗಾಲವೇ ಬರಬೇಕಾಯಿತು ಎಂದು ನನ್ನಜ್ಜ ಹೇಳುತ್ತಿದ್ದರು. ಬನ್ನಿಮರದ ಕೆಳಗೆ ಮೂವರು ಹೆಂಗಸರು ಉಳಿದರು: ಹೆರುವವಳೊಬ್ಬಳು, ಹೆರಿಗೆ ಮಾಡಿಸುವವಳೊಬ್ಬಳು, ಬಂಡಿಯಲ್ಲಿ ಓರೆಯಾಗಿ ಕೂತು ಕಣ್ಣು ಮಿಟುಕಿಸದೆ ಕಾಯುವವಳೊಬ್ಬಳು.

ಮರುದಿನ ನಾಲ್ಕೂರಿನವರೂ ಹೆಣ ಕಾಣುತ್ತದೆಂದು ತಮ್ಮ ತಮ್ಮ ಗಡಿಯ ಹುಣಸೆ, ಬೇವು, ಜಾಲಿಯ ಮರವೇರಿ ನೋಡಿದರು. ಕಂಡದ್ದು ಹೊಗೆ. ಹುಲಿಗೆವ್ವ ಬಾಣಂತಿಗೆ ನೀರು ಕಾಯಿಸುತ್ತಿದ್ದಳು. ಕೇಳಿಸಿದ್ದು ಅಳು, ಅದು ಹೊಸ ಅಳು. ಹೆಣ್ಣುಕೂಸು. ಅದರ ಅಳುವಿನ ಜೋರಿಗೆ ಬನ್ನಿಮರದ ಹಳೆಯ ಎಲೆಗಳೆಲ್ಲ ಉದುರಿ ಚಿಗುರು ಬಂತಂತೆ. ಅದು ಗಾಲಿಯ ಮೇಲೆ ಹುಟ್ಟಿದ ಕೂಸಲ್ಲ, ನೆಲದ ಮೇಲೆ ಹುಟ್ಟಿದ ಕೂಸು. ಬೇನೆ ಆ ವಾರದಿಂದಲೇ ಇಳಿಯಿತು. ಬೇಸಿಗೆ ಕಳೆಯಿತು, ಅದಕ್ಕೇ ಇಳಿಯಿತು ಎನ್ನುವವರಿದ್ದಾರೆ. ನಮ್ಮೂರಿನವರು ಹೇಳುವುದು ಬೇರೆ: ಅಮ್ಮ ಸಿಟ್ಟಾಗಿದ್ದದ್ದು ಯಾರೂ ಒಂದು ದಿನವೂ ‘ಕೂತುಕೋ’ ಎನ್ನಲಿಲ್ಲವೆಂದು, ಕೂರಿಸಿದ ಮೇಲೆ ಆಕೆಗೆ ಯಾರ ಮೇಲೆ ಏನು ಹಗೆ?

ಕೂಡುದಾರಿಯಲ್ಲಿ ಕಮ್ಮಾರಳೊಬ್ಬಳು ನೆಲೆ ನಿಂತಳೆಂಬ ಸುದ್ದಿ ಬಂಡಿಯವರಿಗೆಲ್ಲ ಹಬ್ಬಿತು. ಗಾಲಿಯ ಪಟ್ಟಿ ಸಡಿಲಾದವರು ಬಂದರು, ಅಚ್ಚು ಮುರಿದವರು ಬಂದರು. ಅಳಿಯ ಸೊಂಡೂರಿನಿಂದ ಬಂದು ಎರಡನೆಯ ತಿದಿ ಹೂಡಿದ. ಕಾಯುವವರಿಗೆ ರೊಟ್ಟಿ ಬಡಿಯಲು ಒಬ್ಬಳು ಬಂದಳು, ಎತ್ತಿಗೆ ಮೇವು ಮಾರಲು ಒಬ್ಬ ಬಂದ, ಇಬ್ಬರನ್ನೂ ಜಗಳಕ್ಕೆ ಹಚ್ಚಲು ಇನ್ನೊಬ್ಬ ಬಂದ. ಊರಾಗಲು ಇಷ್ಟು ಸಾಲದೆ? ಆಗ ನಾಲ್ಕೂರಿನವರ ಹೊಟ್ಟೆಯಲ್ಲಿ ಉರಿ ಎದ್ದಿತು. ದ್ಯಾವನಗೌಡ ಬಾವಿಯಿಂದ ಗಡಿಕಲ್ಲು ಎತ್ತಿಸಿ, ಪಾಚಿ ತೊಳೆಸಿ, ಆಳುಗಳ ಹೆಗಲ ಮೇಲೆ ಹೊರಿಸಿಕೊಂಡು ಬಂದ. “ಅಂದಿನ ಮಾತು ಅಂದಿಗೆ. ಕೆಲಸ ಮುಗಿದ ಮ್ಯಾಲೆ ಅಡಿಗಲ್ಲು ಕೀಳಬೇಕು, ಅದು ನಿನ್ನ ಕಟ್ಟಳೆ. ಇಷ್ಟು ದಿನ ಆತು. ಮುಗೀತೇನು?” ಎಂದು ಕೇಳಿದ.

ಹುಲಿಗೆವ್ವ ಮೊಮ್ಮಗಳನ್ನು ಕಂಕುಳಲ್ಲಿಟ್ಟುಕೊಂಡೇ ಕಡಾಣಿಯನ್ನು ತೆಗೆದು, ಅಡಿಗಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಒಂದು ಏಟು ಹಾಕಿದಳು. ಠಣ್ ಎಂದಿತು. “ಇನ್ನೂ ಹದ ಬಂದಿಲ್ರೀ. ನಿಮಗ ಅವಸರ ಇದ್ರ ಈಗಿಂದೀಗ ಮುಗಿಸ್ತೀನಿ. ಆದ್ರ ನೆಲ ನಿಮ್ಮದು ಅಂದಮ್ಯಾಲೆ, ನೆಲದ ಮ್ಯಾಲೆ ಕುಂತಾಕಿನೂ ನಿಮ್ಮಾಕಿನ. ಗಾಲಿ ಏರಿಸಿ, ಕಡಾಣಿ ಬಡಿದು, ನಿಮ್ಮ ಪಡಸಾಲಿಗೆ ನಾನಽ ನೂಕಿಕೊಂಡು ಬರ್ತೀನಿ. ತೋರಣ ಕಟ್ಟರಿ.” ದ್ಯಾವನಗೌಡ ಅಮ್ಮನನ್ನು ನೋಡಿದ. ಅಮ್ಮ ದ್ಯಾವನಗೌಡನನ್ನು ನೋಡಿದಳು. ಆಕೆಯ ಕಣ್ಣು ಎಷ್ಟು ದೊಡ್ಡದೆಂದು ಆಗಲೇ ಹೇಳಿದ್ದೇನೆ. ಗಡಿಕಲ್ಲು ಬಂದ ದಾರಿಯಲ್ಲೇ ಹಿಂದಿರುಗಿತು. ಮುಂದೆ ವರ್ಷಕ್ಕೊಮ್ಮೆ ಯಾವುದಾದರೂ ಊರಿನವರು ಬಂದು ದೂರದಿಂದಲೇ “ಮುಗೀತೇನು?” ಎಂದು ಕೇಳುವುದು, ಹುಲಿಗೆವ್ವ ಒಂದು ಏಟು ಹಾಕಿ “ಹದ ಬಂದಿಲ್ಲ” ಎನ್ನುವುದು ವಾಡಿಕೆಯಾಯಿತು. ಮುದುಕಿಯಾಗಿ ಕೈ ನಡುಗತೊಡಗಿದಾಗ ಆಕೆ ಕಡಾಣಿಯನ್ನು, ಅಷ್ಟರಲ್ಲಿ ಊರಿನವರು ಬಂಡಿಯ ಅಡಿಗೆ ಕಟ್ಟಿದ್ದ ಕಟ್ಟೆಯ ಕಲ್ಲಿನ ಬಿರುಕಿನಲ್ಲಿ ನಿಲ್ಲಿಸಿ, ಸುತ್ತಿಗೆಯನ್ನು ಮೊಮ್ಮಗಳ ಕೈಗೆ ಕೊಟ್ಟು, “ಮುಗಿಸಬ್ಯಾಡ” ಎಂದಳಂತೆ. ಊರಿಗೆ ಕಡಾಣಿಕಟ್ಟೆ ಎಂಬ ಹೆಸರು ನಿಂತದ್ದು ಅಂದಿನಿಂದ. ಆ ಮೊಮ್ಮಗಳ ವಂಶದವನು ನಾನು. ಊರಿನ ಎಲ್ಲ ಮನೆಯವರೂ ಹಾಗೆಯೇ ಹೇಳಿಕೊಳ್ಳುತ್ತಾರೆ. ಅವರದು ಬರಿ ಬಡಾಯಿ.

ಇದು ಹಳೆಯ ಕಾಲದ ಕಥೆ, ಈಗ ಯಾರು ಕೇಳುತ್ತಾರೆ ಎಂದುಕೊಳ್ಳಬೇಡಿ. ಈಚೆಗೆ ರಸ್ತೆ ಅಳೆಯಲೆಂದು ಒಬ್ಬ ಎಂಜಿನಿಯರು ಬಂದಿದ್ದರು, ಬಹಳ ಒಳ್ಳೆಯ ಮನುಷ್ಯ. ನೀಲಗಂಗಮ್ಮ ಚಹಾ ಕುದಿಸುವಷ್ಟರಲ್ಲಿ ಅವರಿಗೆ ಓರೆಯಾದ ಬಂಡಿಯನ್ನು ಕಂಡು ಕನಿಕರ ಹುಟ್ಟಿತು. ಪಾಪ, ಕೋಟು ಕಳಚಿಟ್ಟು, ತೋಳು ಮಡಿಸಿ, ಮರಕ್ಕೆ ಒರಗಿದ್ದ ಗಾಲಿಯನ್ನು ಎತ್ತಿ ಅಚ್ಚಿಗೆ ಏರಿಸಿಯೇಬಿಟ್ಟರು. ಬಿರುಕಿನಿಂದ ಕಡಾಣಿ ಕೀಳಲು ಕೈ ಹಾಕಿದ್ದರು, ಅಷ್ಟರಲ್ಲಿ ನೀಲಗಂಗಮ್ಮ ಚಹಾದ ಸೌಟು ಹಿಡಿದುಕೊಂಡೇ “ಅಯ್ಯಯ್ಯೋ ಸಾಹೇಬ್ರ, ಕೈ ತಗೀರಿ! ನಮ್ಮ ಮನೀ ಕೆಡವಬ್ಯಾಡ್ರಿ!” ಎಂದು ಓಡಿದಳು. ಊರೇ ಎದ್ದು ಬಂತು. ಎದ್ದು ಬಂತು ಎನ್ನುವುದೂ ತಪ್ಪು, ಕೂತವರು ಯಾರೂ ಇರಲಿಲ್ಲ. ಅದೇ ಗಳಿಗೆಗೆ ಮೋಟಾರ್ ಸೈಕಲ್ಲಿನ ಮೇಲೆ ಹಾದು ಹೋಗುತ್ತಿದ್ದ ತುಂಬಿನಾಳದವನೊಬ್ಬ ನಾಲ್ಕು ಗಾಲಿಯ ಬಂಡಿಯನ್ನು ಕಂಡು, ಅಲ್ಲೇ ನಿಂತು ಊರಿಗೆ ಫೋನು ಹಚ್ಚಿದ: “ಮುಗದೈತಂತಲೇ! ಟೇಪು ತಗೊಂಡು ಬರ್ರಿ!” ಅವರು ಬರುವಷ್ಟರಲ್ಲಿ ನಾವು ಗಾಲಿಯನ್ನು ಇಳಿಸಿ ಮರಕ್ಕೆ ಒರಗಿಸಿದ್ದೆವು. ತುಂಬಿನಾಳ ಒಂದೇ ಅಲ್ಲ, ನಾಲ್ಕೂ ದಾರಿಯಿಂದ ಜನ ಬಂದಿದ್ದರು. ನಾನು ಮುಂದೆ ಹೋಗಿ ಕಡಾಣಿಯ ತಲೆಗೆ ಒಂದು ಏಟು ಹಾಕಿದೆ. ಟೇಪು ತಂದವರು ಅದರಿಂದ ನೀಲಗಂಗಮ್ಮನ ಬೆಂಚನ್ನು ಅಳೆದು, ಚಹಾ ಕುಡಿದು ಹೋದರು.

ಇಂದಿಗೂ ಕಡಾಣಿಕಟ್ಟೆಗೆ ಬಂದವರಿಗೆ ಮರಕ್ಕೆ ಒರಗಿದ ಗಾಲಿ ಕಾಣುತ್ತದೆ, ಅರ್ಧ ಹೂತ ಅಡಿಗಲ್ಲು ಕಾಣುತ್ತದೆ. ಕಡಾಣಿಯ ಮೈಯೆಲ್ಲ ಕಪ್ಪಾಗಿದ್ದರ ನಡುವೆ ತಲೆಯೊಂದು ಮಾತ್ರ ಹೊಸ ನಾಣ್ಯದಂತೆ ಹೊಳೆಯುವುದು ಕಾಣುತ್ತದೆ. ನೋಡಿರಿ, ಕೈ ಮುಗಿಯಿರಿ. ಉಪಕಾರ ಮಾತ್ರ ಮಾಡಬೇಡಿರಿ. ಹೊತ್ತು ಮುಳುಗುವವರೆಗೆ ಕಾದರೆ ಇನ್ನೊಂದನ್ನೂ ಕಾಣಬಹುದು. ಪಡುವಲಲ್ಲಿ ಉಗುರಿನಷ್ಟು ಬಿಸಿಲು ಉಳಿದಾಗ ಊರಿನವರೆಲ್ಲ ಒಬ್ಬೊಬ್ಬರಾಗಿ ಬಂದು ಕಟ್ಟೆಯ ಸುತ್ತ ನಿಲ್ಲುತ್ತಾರೆ. ಕೈ ಹಿಸುಕುತ್ತಾರೆ, ನಾಲ್ಕು ದಾರಿಯ ಕಡೆಗೂ ತಿರುಗಿ ತಿರುಗಿ ನೋಡುತ್ತಾರೆ. ಆ ವರ್ಷ ಹೆತ್ತವಳು ಯಾರೋ ಅವಳು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಸುತ್ತಿಗೆ ಎತ್ತಿ, ಕಡಾಣಿಯ ತಲೆಗೆ ಒಂದು ಏಟು ಹಾಕುತ್ತಾಳೆ. ಠಣ್ ಎನ್ನುತ್ತದೆ. ಕೆಲಸ ಇನ್ನೂ ನಡೆದಿದೆ. ಆ ಸದ್ದು ನಾಲ್ಕೂರಿಗೆ ಮುಟ್ಟಿತೆಂದು ಖಾತ್ರಿಯಾದ ಮೇಲೆಯೇ ನಮ್ಮೂರಿನವರು, ದಿನಕ್ಕೊಮ್ಮೆ, ಒಂದು ಗಳಿಗೆ ಕೂರುತ್ತಾರೆ.